ಹಾಜರಿ ಪಟ್ಟಿಯೂ ಮನೆಯ ಕಟ್ಟೆಯೂ

ಶಿಕ್ಷಣದ ವಿಷಯವಾಗಿ ಸಂಶೋಧನೆ ಮಾಡುವದೆಂದರೆ ಅಂಕಿಗಳನ್ನು ಕೂಡಿಸಿ ಕಳೆಯುವದೆಂದೇ ಬಹುಜನರ ಭಾವನೆಯು. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯಲ್ಲಿ ಅಕ್ಷರ ಬಲ್ಲ ಗಂಡಸರು ನೂರಕ್ಕೆ 82.20, ಹೆಂಗಸರು 64.58. ಅಂತರವೆಷ್ಟೆಂಬುದನ್ನು ಈ ಅಂಕಿಗಳು ಹೇಳುವವು, ಏಕೆಂಬುದನ್ನು ಹೇಳಲಾರವು.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳು ಬಂದಾಗ ಸುತ್ತಣ ಮನೆಗಳ ದಿನಚರಿಯೇ ಬದಲಾಗುವದು. ಬಂಡಾರ ಮಾರಲು ತಂದೆಯೊಡನೆ ಹೋದ ಹುಡುಗನಿಗೂ, ಬೀಗರು ಬಂದರೆಂದು ಒಲೆಯ ಮುಂದೆ ಉಳಿದ ಹುಡುಗಿಗೂ ಹಾಜರಿ ಪಟ್ಟಿಯಲ್ಲಿ ಬೀಳುವ ಗುರುತು ಒಂದೇ. ರಾಮದುರ್ಗದ ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವ ಮಗುವಿಗೂ, ಬೈಲಹೊಂಗಲ, ಕಿತ್ತೂರ ಕಡೆಗೆ ಕಬ್ಬು ಕಡಿಯಬಂದವರ ಮಗುವಿಗೂ ಅದೇ ಗುರುತು. ಈ ಒಂದು ಗುರುತನ್ನು ಬಿಡಿಸಿ ಓದುವ ವಿದ್ಯೆಯನ್ನೇ ಗುಣಾತ್ಮಕ ಸಂಶೋಧನೆಯೆನ್ನುವರು.

ಇದನ್ನು ಕಲಿಯಹೊರಟ ಮಾಸ್ತರನಿಗೆ ಮೊದಲ ಅಡ್ಡಿಯು ಅವನ ಮಾಸ್ತರಿಕೆಯೇ. “ಮಗಳನ್ನು ಏಕೆ ಕಳಿಸುವದಿಲ್ಲ?” ಎಂದು ಕಟ್ಟೆಯ ಮೇಲೆ ಕುಳಿತು ಕೇಳಿದರೆ, “ಕಳಸತೇವ್ರಿ ಮಾಸ್ತರ, ನಾಳಿಂದ ಬರತಾಳ್ರಿ” ಎಂಬ ಉತ್ತರವೇ ಬರುವದು. ಪ್ರಶ್ನೆಯಲ್ಲಿ ಬೈಗಳು ಅಡಗಿದ್ದರೆ ಉತ್ತರದಲ್ಲಿ ಭಯವು ಅಡಗದಿರುವದೆಂತು? ಅದರ ಬದಲು, ನಿನ್ನೆ ಮುಂಜಾನೆಯಿಂದ ದೀಪ ಹಚ್ಚುವವರೆಗೆ ಮನೆಯಲ್ಲಿ ಯಾರು ಏನೇನು ಮಾಡಿದರೆಂದು ಕೇಳಿ ಸುಮ್ಮನಿರಬೇಕು. ಸುಮ್ಮನಿರುವದು ಮಾಸ್ತರರಿಗೆ ಸುಲಭವಲ್ಲ! ಕೇಳಿದ್ದನ್ನು ಆಕೆಯ ಮಾತಿನಲ್ಲಿಯೇ ಬರೆದುಕೊಳ್ಳಬೇಕು. “ಪಾಲಕರ ನಿರಾಸಕ್ತಿ” ಎಂದು ಬರೆದರೆ ಆ ತಾಯಿಯು ಮಾತೇ ಆಡದಂತಾಯಿತು.

ಹಾಗೆಂದು ಅಂಕಿಗಳನ್ನು ಹಳಿಯತಕ್ಕದ್ದಿಲ್ಲ. ಎರಡನ್ನೂ ಕೂಡಿಸುವ ಮಿಶ್ರವಿಧಾನಕ್ಕೆ ಹೆಸರು ಹೊಸದು, ಕೆಲಸವು ಹಳೆಯದು. ಮದ್ರಾಸಿನ ಗವರ್ನರ್ ಮನ್ರೋ ಸಾಹೇಬರು 1822ರಲ್ಲಿ ಶಾಲೆಗಳ ವಿಚಾರಣೆಗೆ ಆಜ್ಞೆಮಾಡಲು, ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ಲರು 1823ರಲ್ಲಿ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಲೆಕ್ಕಿಸಿ ವರದಿ ಕಳಿಸಿದರು. ಅಷ್ಟಕ್ಕೇ ನಿಲ್ಲದೆ, ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವದನ್ನೂ ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುವದನ್ನೂ ಬಣ್ಣಿಸಿದರು. ಶಾಲೆಗಳು ಕ್ಷಯಿಸಲು ಜನರ ಬಡತನವೇ ಕಾರಣವೆಂದೂ, ವಿಲಾಯತಿ ಬಟ್ಟೆಯು ಬಂದು ಇಲ್ಲಿಯ ಕಸಬುದಾರರ ಗಳಿಕೆ ಇಳಿಯಿತೆಂದೂ ಬರೆದರು. ಕಂಪನಿಯ ಅಧಿಕಾರಿಯೊಬ್ಬನು ಇಷ್ಟು ಬರೆದದ್ದು ಮೆಚ್ಚತಕ್ಕದ್ದೇ. ಆದರೆ ನೇಕಾರನ ಸ್ವಂತ ಮಾತು ಅದರಲ್ಲಿ ಕೇಳಿಸುವದಿಲ್ಲ.

ಅಂಕಿಯೂ ಮಾತೂ ಒಂದಕ್ಕೊಂದು ಒಪ್ಪಿದಾಗ ಕೆಲಸವು ಸುಲಭವು. ಸಂತೆಯ ದಿನ ಮಗಳು ಕೂಸನ್ನು ಎತ್ತಿಕೊಂಡು ಮನೆಯಲ್ಲಿರುವಳೆಂದು ತಾಯಿಯು ಹೇಳಿ, ಪಟ್ಟಿಯಲ್ಲಿ ಆ ದಿನವೆಲ್ಲ ಹಾಜರಿಯೇ ಇದ್ದರೆ? ಪಟ್ಟಿ ಬರೆದವನು ಜೊತೆಯ ಮಾಸ್ತರನು. ಹೇಳಿದವಳು ಅದೇ ಊರಲ್ಲಿ ಬಾಳತಕ್ಕವಳು. ಹೆಸರು ಮರೆಸಿದರೂ ನೂರು ಮನೆಗಳ ಊರಲ್ಲಿ ಗುರುತು ಮರೆಯಾಗದು. ಬರೆಯುವ ಮೊದಲು ಮಾಸ್ತರನು ಮತ್ತೊಮ್ಮೆ ಆ ಕಟ್ಟೆಗೆ ಹೋಗಿ, ಈ ಮಾತನ್ನು ಬರೆಯಲೋ ಬಿಡಲೋ ಎಂದು ಆಕೆಯನ್ನೇ ಕೇಳಬೇಕಾಗುವದು. ಬೇಡವೆಂದರೆ ಆ ಪುಟವು ಅವನ ಪೆಟ್ಟಿಗೆಯಲ್ಲಿಯೇ ಉಳಿಯತಕ್ಕದ್ದು.