ಅಪ್ಪನ ಯೆಜ್ಡಿಗೆ ನಾಲ್ಕು ಕಾರ್ಬ್ಯುರೇಟರ್

ನಿಮ್ಮ ಬೈಕು 2020ರ ಏಪ್ರಿಲ್ ಆದಮೇಲೆ ತಗೊಂಡಿದ್ದಾದರೆ ಅದರಲ್ಲಿ ಬಹುಶಃ ಕಾರ್ಬ್ಯುರೇಟರ್ ಇಲ್ಲ. ಬಿಎಸ್6 ನಿಯಮ ಬಂದಮೇಲೆ ಬಹುಪಾಲು ಬೈಕುಗಳಲ್ಲಿ ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕು ಅನ್ನೋ ಲೆಕ್ಕ ಹಾಕೋದು ಒಂದು ಪುಟ್ಟ ಕಂಪ್ಯೂಟರ್. ಅದಕ್ಕೂ ಮುಂಚೆ ಆ ಲೆಕ್ಕ ಒಂದು ಲೋಹದ ಡಬ್ಬಿಯದ್ದಾಗಿತ್ತು. ಒಂದು ಫ್ಲೋಟ್, ಎರಡು ಜೆಟ್, ಒಂದು ಸೂಜಿ, ಮೇಲೆ ಕೆಳಗೆ ಓಡಾಡೋ ಒಂದು ಸ್ಲೈಡ್. ಇಷ್ಟೇ.

ನಮ್ಮ ಮನೇಲಿ ಆ ಡಬ್ಬಿ ಇನ್ನೂ ಇದೆ. ಅಪ್ಪನ 1990ರ ಯೆಜ್ಡಿ ರೋಡ್‌ಕಿಂಗ್. ಸಿಂಗಲ್ ಸಿಲಿಂಡರ್, 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಗೊತ್ತಿಲ್ಲದವರಿಗೆ ಒಂದು ಮಾತು: ಇದು ನಮ್ಮ ಮೈಸೂರಿನ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಅಲ್ಲಿ ಜಾವಾ ಮಾಡೋಕೆ ಶುರುಮಾಡಿತು, 1973ರಿಂದ ಯೆಜ್ಡಿ ಅಂತ ಹೆಸರಾಯಿತು, 1996ರಲ್ಲಿ ಬಾಗಿಲು ಹಾಕಿತು. ಕಿಕ್ಕರ್ ಗೇರ್ ಎರಡೂ ಒಂದೇ ರಾಡು. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಬಿಟ್ಟರೆ ಗೇರ್. ಹೊಸಬರು ಕೈಗೆ ಕೊಟ್ಟರೆ ಕಿಕ್ಕರ್ ಹುಡುಕೋಕೇ ಐದು ನಿಮಿಷ.

ಹಳೇ ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತು, ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2025 ನಮ್ಮ ಸರದಿ. ಅಣ್ಣ ಖಡಾಖಂಡಿತವಾಗಿ ಹೇಳಿಬಿಟ್ಟ: "ಅಪ್ಪನಿಗೆ ಎಪ್ಪತ್ತೊಂದು. ಹತ್ತು ಸಲ ಒದ್ದರೂ ಸ್ಟಾರ್ಟ್ ಆಗ್ದಿರೋ ಗಾಡಿ ಯಾಕೆ? ಯಾರಾದ್ರೂ ಕೇಳಿದ್ರೆ ಕೊಟ್ಬಿಡೋಣ, ಎಲೆಕ್ಟ್ರಿಕ್ ಸ್ಕೂಟರ್ ತಗಳ್ಳಿ." ಮಾತು ತಪ್ಪೇನಲ್ಲ. ಆದರೆ ಗುಬ್ಬಿ ಹತ್ತಿರದ ನಮ್ಮ ತೋಟಕ್ಕೆ ತುಮಕೂರಿನ ಮನೆಯಿಂದ ಅಪ್ಪ ವಾರಕ್ಕೆ ಮೂರು ದಿನ ಹೋಗೋದು ಆ ಗಾಡಿಯಲ್ಲೇ. ಅಪ್ಪ ಏನೂ ವಾದ ಮಾಡಲಿಲ್ಲ. "ಎರಡು ಒದೆಗೆ ಸ್ಟಾರ್ಟ್ ಆದ್ರೆ ಇಟ್ಕೊಳ್ಳೋಣ, ಇಲ್ದಿದ್ರೆ ಕೊಟ್ಬಿಡಿ" ಅಂದರು.

ಎರಡು ಒದೆ. ಜೊತೆಗೆ ಎಮಿಷನ್ ಟೆಸ್ಟ್. 2000ನೇ ಇಸವಿ ಮಾರ್ಚ್‌ಗಿಂತ ಮುಂಚಿನ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 4.5. ನಮ್ಮ ಗಾಡಿಯದ್ದು ಶೇ. 6 ದಾಟಿತ್ತು.

ಸವೆದದ್ದು ಏನು?

ನಮ್ಮ ಗಾಡಿಯಲ್ಲಿದ್ದದ್ದು ಜಿಕೋವ್ ಕಾರ್ಬ್ಯುರೇಟರ್, ಜಾವಾ ಜೊತೆ ಚೆಕೊಸ್ಲೊವಾಕಿಯಾದಿಂದ ಬಂದ ಹೆಸರು. ಮೂವತ್ತೈದು ವರ್ಷ ಒಂದೇ ಸ್ಲೈಡ್ ಮೇಲೆ ಕೆಳಗೆ ಉಜ್ಜಿ ಉಜ್ಜಿ ಸುತ್ತ ಸಂದಿ ಬಿಟ್ಟಿತ್ತು. ಆ ಸಂದಿಯಲ್ಲಿ ಲೆಕ್ಕವಿಲ್ಲದ ಗಾಳಿ ನುಗ್ಗುತ್ತೆ. ಅದನ್ನ ಸರಿದೂಗಿಸೋಕೆ ಒಬ್ಬೊಬ್ಬ ಮೆಕ್ಯಾನಿಕ್ ಒಂದೊಂದು ಸಲ ಪೆಟ್ರೋಲ್ ಜಾಸ್ತಿ ಮಾಡಿದ್ದರು. ಅದಕ್ಕೇ ಹೊಗೆ, ಅದಕ್ಕೇ ಲೀಟರಿಗೆ 24 ಕಿ.ಮೀ.

ಇನ್ನೊಂದು ಕಾರಣ ಬಂಕ್‌ನಲ್ಲಿದೆ. ಈಗ ಸಿಗೋದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ಬೆರೆಸಿದಾಗ 13.5 ಹತ್ತಿರ ಬರುತ್ತೆ. ಅಂದ್ರೆ ಅದೇ ಗಾಳಿಗೆ ಈಗ ಸ್ವಲ್ಪ ಜಾಸ್ತಿ ಇಂಧನ ಬೇಕು. ಕಂಪ್ಯೂಟರ್ ಇರೋ ಬೈಕು ತಾನೇ ಸರಿಮಾಡಿಕೊಳ್ಳುತ್ತೆ. ಜೆಟ್‌ನ ತೂತು ತಾನಾಗೇ ದೊಡ್ಡದಾಗೋದಿಲ್ಲ. ಜೊತೆಗೆ ಎಥನಾಲ್ ತೇವ ಎಳ್ಕೊಳ್ಳುತ್ತೆ, ಹಳೇ ಕಾಲದ ರಬ್ಬರ್ ಪೈಪನ್ನ ಗಟ್ಟಿಮಾಡಿ ಸೀಳುತ್ತೆ.

ಟೂ ಸ್ಟ್ರೋಕ್‌ನಲ್ಲಿ ಇದು ಬರೀ ಮೈಲೇಜ್ ವಿಷಯ ಅಲ್ಲ. ಯೆಜ್ಡಿಯಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಬೆರೆತು ಹೋಗೋದು. ಅಪ್ಪನ ಲೆಕ್ಕ ಲೀಟರಿಗೆ 40 ಮಿಲಿ. ಪೆಟ್ರೋಲ್ ಕಮ್ಮಿ ಹೋದರೆ ಆಯಿಲೂ ಕಮ್ಮಿ ಹೋದಂಗೆ. ಬಿಸಿಯಾಗಿ ಪಿಸ್ಟನ್ ಹಿಡ್ಕೊಂಡರೆ ಹಿಂದಿನ ಚಕ್ರ ಅಲ್ಲೇ ಕಚ್ಕೊಳ್ಳುತ್ತೆ. ಎಪ್ಪತ್ತೊಂದರ ಮನುಷ್ಯ ಹೆದ್ದಾರಿಯಲ್ಲಿ ಇರುವಾಗ ಹಾಗಾಗಬಾರದು. ನನ್ನ ತಲೆಯಲ್ಲಿ ಇದ್ದದ್ದು ಇದೇ.

ಮೂರು ರಸ್ತೆ, ಮೂರು ಪರೀಕ್ಷೆ

ಕಾರ್ಬ್ಯುರೇಟರ್ ಒಂದೇ ಆದರೂ ಒಳಗೆ ಕೆಲಸ ಪಾಲಾಗಿರುತ್ತೆ. ಆಕ್ಸಿಲೇಟರ್ ಸ್ವಲ್ಪವೇ ತಿರುವಿದಾಗ ಪೈಲಟ್ ಜೆಟ್. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಸೂಜಿ. ಪೂರ್ತಿ ತಿರುವಿದಾಗ ಮೇನ್ ಜೆಟ್. ಹಾಗಾಗಿ "ಈ ಕಾರ್ಬು ಸೂಪರ್" ಅಂತ ಯಾರಾದರೂ ಹೇಳಿದರೆ, ಯಾವ ರಸ್ತೆಯಲ್ಲಿ ಅಂತ ಕೇಳಬೇಕು.

ನಮ್ಮ ಅದೃಷ್ಟಕ್ಕೆ ಮೂರೂ ರಸ್ತೆ ಮನೆ ಹತ್ತಿರವೇ ಇವೆ. ತುಮಕೂರು ಊರೊಳಗೆ ಬಿ.ಎಚ್. ರಸ್ತೆ, ಮಂಡಿಪೇಟೆ: ನಿಲ್ಲು, ಹೊರಡು, ಮತ್ತೆ ನಿಲ್ಲು. ಪೂರ್ತಿ ಪೈಲಟ್ ಜೆಟ್ ಪರೀಕ್ಷೆ. ಕುಣಿಗಲ್‌ನಲ್ಲಿ ಅಕ್ಕನ ಮನೆ. ಗೂಳೂರು, ಹೆಬ್ಬೂರು ದಾಟಿ ಹೋಗೋ ದಾರಿಯಲ್ಲಿ ಹಂಪು, ತಿರುವು, ಅಡ್ಡ ಬರೋ ಹಸು, ನಲವತ್ತು ಐವತ್ತರ ವೇಗ. ಅದು ಸೂಜಿಯ ರಸ್ತೆ. ಗುಬ್ಬಿ ಕಡೆಯ ಹೆದ್ದಾರಿ ಅಗಲ, ನೇರ, ಬೆಳಗ್ಗೆ ಬೇಗ ಹೊರಟರೆ ಖಾಲಿ. ಅಲ್ಲಿ ಪೂರ್ತಿ ತಿರುವಬಹುದು.

ಪ್ರತಿ ರಸ್ತೆ ಮುಗಿದಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡೋದು. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಬಿಳಿಚಿಕೊಂಡಿದ್ದರೆ ಕಮ್ಮಿ, ಕಾಫಿಪುಡಿ ಬಣ್ಣ ಇದ್ದರೆ ಸರಿ. ಅಪ್ಪ ಮೊದಲಿಂದಲೂ ಪೆಟ್ರೋಲ್ ಲೆಕ್ಕ ಗೋಡೆ ಕ್ಯಾಲೆಂಡರ್ ಮೇಲೆ ಬರೆಯೋರು. ಈಗ ಅದರ ಪಕ್ಕ ಎಷ್ಟು ಒದೆಗೆ ಸ್ಟಾರ್ಟ್ ಆಯಿತು ಅಂತಲೂ ಬರೆಯೋಕೆ ಶುರುಮಾಡಿದರು.

ನಾಲ್ಕರ ಕಥೆ

ಮೊದಲು ಹಳೇ ಜಿಕೋವನ್ನೇ ರಿಪೇರಿ ಮಾಡಿಸಿದ್ದು. ಹೊಸ ಸೂಜಿ, ಹೊಸ ಜೆಟ್, ಹೊಸ ಗ್ಯಾಸ್ಕೆಟ್. ಗುಬ್ಬಿ ರಸ್ತೆಯಲ್ಲಿ ಪರವಾಗಿಲ್ಲ. ಆದರೆ ಸ್ಲೋನಲ್ಲಿ ನಿಲ್ಲಲಿಲ್ಲ. ಒಂದು ಸಲ ಜೋರಾಗಿ ಕೂಗೋದು, ಇನ್ನೊಂದು ಸಲ ಆಫ್ ಆಗೋದು. ಸವೆದ ಬಾಡಿಗೆ ಎಷ್ಟು ಹೊಸ ಜೆಟ್ ಹಾಕಿದರೂ ಸಂದಿ ಮುಚ್ಚೋದಿಲ್ಲ. ಕ್ಯಾಲೆಂಡರ್ ಮೇಲೆ ಆರು, ಎಂಟು, ಐದು.

ಎರಡನೇದು ಅಂಗಡಿಯವರು ಕೊಟ್ಟ ಅಗ್ಗದ ಕಾಪಿ. ಸಾವಿರ ರೂಪಾಯಿ ಒಳಗೆ. ಡಬ್ಬದ ಮೇಲೆ ದೊಡ್ಡ ಜಪಾನಿ ಹೆಸರಿತ್ತು, ಒಳಗಿನದಕ್ಕೂ ಆ ಹೆಸರಿಗೂ ಸಂಬಂಧ ಇರಲಿಲ್ಲ. ನಾಲ್ಕನೇ ದಿನಕ್ಕೆ ಬೌಲ್‌ನಿಂದ ಪೆಟ್ರೋಲ್ ತೊಟ್ಟಿಕ್ಕಿತು. ಫ್ಲೋಟ್ ಮೇಲೆದ್ದರೂ ಅದರ ಸೂಜಿ ಸರಿಯಾಗಿ ಕೂರ್ತಿರಲಿಲ್ಲ. ಅಮ್ಮನಿಗೆ ವಾಸನೆ ಬಂದು "ಮನೆ ಒಳಗೆ ನಿಲ್ಲಿಸಬೇಡಿ" ಅಂತ ಗಾಡಿಯನ್ನ ರಸ್ತೆಗೆ ಹಾಕಿಸಿದರು. ಅಲ್ಲಿಗೆ ಅದರ ಪರೀಕ್ಷೆ ಮುಗೀತು.

ಮೂರನೇದು ಪಿಡಬ್ಲ್ಯುಕೆ ಮಾದರಿಯ 28 ಮಿ.ಮೀ. ಕಾರ್ಬ್ಯುರೇಟರ್. ಇದರ ಸ್ಲೈಡ್ ಉರುಟಾಗಿರೋದಿಲ್ಲ, ಚಪ್ಪಟೆ. ಆರ್‌ಎಕ್ಸ್ 100 ಓಡಿಸೋ ಹುಡುಗರ ಬಾಯಲ್ಲಿ ಈ ಹೆಸರು ಸದಾ ಇರುತ್ತೆ. ಯೆಜ್ಡಿಗೆ ನೇರವಾಗಿ ಕೂರೋದಿಲ್ಲ, ನಡುವೆ ರಬ್ಬರ್ ಮ್ಯಾನಿಫೋಲ್ಡ್ ಬೇಕು, ಅದನ್ನೂ ಮಾಡಿಸಿದ್ದಾಯಿತು.

ಗುಬ್ಬಿ ರಸ್ತೆಯಲ್ಲಿ ಅದು ಓಡಿದ್ದನ್ನ ಹೇಳಲೇಬೇಕು. ಮಲ್ಲಸಂದ್ರ ದಾಟಿ ತಿರುವಿದರೆ ಗಾಡಿ ಮುಂದಕ್ಕೆ ಹಾರಿತು. ಈ ಗಾಡಿ ಇಷ್ಟು ಓಡುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಲೀಟರಿಗೆ 26 ಬಂತು. ನಾನು ಒಬ್ಬಳೇ ಓಡಿಸೋದಾಗಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು.

ಆದರೆ ಊರೊಳಗೆ ಬೇರೆ ಮಾತು. ಕಾರ್ಬಿನ ಬಾಯಿ ಅಗಲವಾದಷ್ಟೂ ನಿಧಾನ ಹೋಗುವಾಗ ಅದರೊಳಗೆ ಗಾಳಿಯ ವೇಗ ಕಮ್ಮಿ. ವೇಗ ಕಮ್ಮಿಯಾದರೆ ಪೆಟ್ರೋಲ್ ಸರಿಯಾಗಿ ಹೀರೋದಿಲ್ಲ, ಹನಿ ಒಡೆಯೋದಿಲ್ಲ. ಅಪ್ಪ ಓಡಿಸೋದೇ ಹಾಗೆ, ಮೆಲ್ಲಗೆ. ಎರಡು ದಿನ ತಗೊಂಡು ಹೋದರು. ಕ್ಯಾಲೆಂಡರ್ ಮೇಲೆ ನಾಲ್ಕು, ಏಳು. ಮೂರನೇ ದಿನ ಏನೂ ಬರೆದಿರಲಿಲ್ಲ. ಕೇಳಿದರೆ ಅಮ್ಮ ಹೇಳಿದರು, "ಬಸ್ಸಲ್ಲಿ ಹೋದ್ರು. ಸಿಗ್ನಲ್ಲಲ್ಲಿ ಆಫ್ ಆಗಿ ಹಿಂದಿನೋರೆಲ್ಲ ಹಾರ್ನ್ ಹೊಡೆದ್ರಂತೆ."

ಅಪ್ಪ ನನ್ನ ಹತ್ತಿರ ದೂರಲಿಲ್ಲ. ಸಂಜೆ ಬಂದವರು "ಗಾಡಿ ಚೆನ್ನಾಗಾಗಿದೆ ಕಣವ್ವ, ನಿನಗೆ ಸರಿಹೋಗುತ್ತೆ" ಅಂದರು ಅಷ್ಟೇ. "ನಿನಗೆ" ಅನ್ನೋ ಮಾತು ಅವತ್ತು ರಾತ್ರಿ ಪೂರ್ತಿ ಕಿವಿಯಲ್ಲಿತ್ತು.

ಕುಣಿಗಲ್‌ನಲ್ಲಿ ಸಿಕ್ಕ ಉತ್ತರ

ನಾಲ್ಕನೇದು ಮಿಕುನಿ ವಿಎಂ ಮಾದರಿಯ 24 ಮಿ.ಮೀ. ಉರುಟು ಸ್ಲೈಡ್, ಹಳೇ ಕಾಲದ ವಿನ್ಯಾಸ, ತೋರಿಸಿಕೊಳ್ಳೋಕೆ ಏನೂ ಇಲ್ಲ. ನಾಲ್ಕರಲ್ಲಿ ಬೆಲೆ ಜಾಸ್ತಿ ಇದ್ದದ್ದೂ ಇದಕ್ಕೇ. ಹಾಕಿಕೊಟ್ಟವರು ಕುಣಿಗಲ್‌ನ ಒಬ್ಬ ಹಿರಿಯ ಮೆಕ್ಯಾನಿಕ್, ಜಾವಾ ಕಾಲದಿಂದ ಕೈಯಾಡಿಸಿದವರು.

ಅವರು ಮೊದಲು ಕೇಳಿದ್ದು ಗಾಡಿ ಯಾವ ವರ್ಷದ್ದು ಅಂತಲ್ಲ. "ಯಾರು ಓಡಿಸ್ತಾರಮ್ಮ?" ಅಂತ. ಅಪ್ಪ ಅಂದೆ. "ಎಷ್ಟು ಸ್ಪೀಡಲ್ಲಿ?" ನಲವತ್ತು, ಜಾಸ್ತಿ ಅಂದ್ರೆ ಐವತ್ತು ಅಂದೆ. "ಹಂಗಾದ್ರೆ ಇಪ್ಪತ್ನಾಲ್ಕೇ ಸರಿ. ದೊಡ್ಡದು ಹಾಕಿ ಅವರ ಮಂಡಿ ಹಾಳುಮಾಡ್ಬೇಡಿ" ಅಂದರು.

ಸ್ನೇಹಿತರೊಬ್ಬರು ಮಂಗಳೂರಿನಲ್ಲಿ ತಮ್ಮ ಯೆಜ್ಡಿಗೆ ಸರಿಹೋದ ಜೆಟ್ ನಂಬರ್ ಕಳಿಸಿದ್ದರು. ತೋರಿಸಿದೆ. ಅವರು ನಕ್ಕರು. ಅದು ಸಮುದ್ರದ ಪಕ್ಕ, ನಮ್ಮ ತುಮಕೂರು 800 ಮೀಟರ್ ಮೇಲೆ. ಇಲ್ಲಿ ಗಾಳಿ ತೆಳು, ಪೆಟ್ರೋಲೂ ಅಷ್ಟು ಬೇಕಾಗಿಲ್ಲ. ಆದರೆ ಎಥನಾಲ್ ಇರೋದರಿಂದ ಮತ್ತೆ ಸ್ವಲ್ಪ ಜಾಸ್ತಿ ಬೇಕು. ಒಂದು ಕೆಳಗೆಳೆಯುತ್ತೆ, ಒಂದು ಮೇಲೆಳೆಯುತ್ತೆ. ಬೇರೆಯವರ ನಂಬರಿಂದ ಶುರುಮಾಡಬಹುದು, ಅಲ್ಲೇ ಮುಗಿಸೋಕೆ ಆಗಲ್ಲ. ಮೂರು ಜೆಟ್ ಕೊಟ್ಟು, ದೊಡ್ಡದರಿಂದ ಶುರುಮಾಡಿ ಒಂದೊಂದೇ ಇಳಿಸು ಅಂದರು. ಸಣ್ಣದರಿಂದ ಶುರುಮಾಡಿದರೆ ಪಿಸ್ಟನ್‌ಗೆ ಅಪಾಯ, ದೊಡ್ಡದರಿಂದ ಶುರುಮಾಡಿದರೆ ಹೊಗೆ ಅಷ್ಟೇ.

ನಡುವಿನ ಜೆಟ್‌ಗೆ ಪ್ಲಗ್ ಕಾಫಿಪುಡಿ ಬಣ್ಣಕ್ಕೆ ಬಂತು. ಏರ್ ಸ್ಕ್ರೂ ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಕಿವಿ ಕೊಟ್ಟು ಕೇಳ್ತಾ ಕೂದಲೆಳೆಯಷ್ಟು ತಿರುವಿ ಸ್ಲೋ ನಿಲ್ಲಿಸಿದ್ದಾಯಿತು. ಪೆಟ್ರೋಲ್ ಪೈಪನ್ನ ಎಥನಾಲ್ ತಡೆಯೋದಕ್ಕೆ ಬದಲಾಯಿಸಿದೆವು. ಲೀಟರಿಗೆ 31. ಪೂರ್ತಿ ತಿರುವಿದರೆ ಮೂರನೇದರ ಹಾರಾಟ ಇಲ್ಲ, ಅದು ನಿಜ. ಕ್ಯಾಲೆಂಡರ್ ಮೇಲೆ ಎರಡು, ಒಂದು, ಎರಡು, ಒಂದು, ಒಂದು.

ಎಮಿಷನ್ ಅಳೆಯೋದು ಗಾಡಿ ಸ್ಲೋನಲ್ಲಿ ನಿಂತಿರುವಾಗ. ಹಾಗಾಗಿ ಅಲ್ಲಿ ಲೆಕ್ಕಕ್ಕೆ ಬರೋದು ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಮೇನ್ ಜೆಟ್ ಅಲ್ಲ. ನಮ್ಮದು ಶೇ. 3.1 ಬಂತು. ಅಣ್ಣ ಚೀಟಿ ಎರಡು ಸಲ ತಿರುಗಿಸಿ ನೋಡಿ, "ಆಯ್ತು ಬಿಡಿ" ಅಂದ.

ಮನೆಯಲ್ಲಿ ಹಳೇ ಗಾಡಿ ಇದ್ದವರಿಗೆ ನಾನು ಹೇಳೋದು ಇಷ್ಟು. ಕಾರ್ಬ್ಯುರೇಟರ್ ತಗೊಳ್ಳೋ ಮುಂಚೆ ಗಾಡಿ ಯಾವ ರಸ್ತೆಯಲ್ಲಿ, ಯಾರ ಕೈಯಲ್ಲಿ ಜಾಸ್ತಿ ಓಡುತ್ತೆ ನೋಡಿ. ಡಬ್ಬದ ಮೇಲಿನ ಹೆಸರಿಗಿಂತ ಫ್ಲೋಟ್ ಸೂಜಿ ಕೂರುತ್ತೋ ಇಲ್ಲವೋ ಅನ್ನೋದು ಮುಖ್ಯ. ಬಿಚ್ಚಿದ ಜೆಟ್ಟುಗಳನ್ನ ನಂಬರ್ ಬರೆದು ಒಂದು ಡಬ್ಬಿಯಲ್ಲಿಡಿ, ಬಂಕಿನ ಪೆಟ್ರೋಲ್ ಬದಲಾದಾಗ ಮತ್ತೆ ಬೇಕಾಗುತ್ತೆ. ಮತ್ತೆ, ಕಿವಿಯಿಂದ ಟ್ಯೂನ್ ಮಾಡೋ ಹಿರಿಯರು ನಿಮ್ಮೂರಲ್ಲಿ ಇದ್ದರೆ ಈಗಲೇ ಹೋಗಿ ನೋಡಿ. ಅವರ ಅಂಗಡಿಗಳಲ್ಲಿ ಕಲಿಯೋ ಹುಡುಗರು ಕಾಣ್ತಿಲ್ಲ.

ನಮ್ಮ ಗಾಡಿಯ ನೋಂದಣಿ ಈಗ 2030ರವರೆಗೆ ಇದೆ. ಆಗ ಅಪ್ಪನಿಗೆ ಎಪ್ಪತ್ತಾರು. ಮೂರನೇ ಕಾರ್ಬನ್ನ ಅವರೇ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಾರೆ. ಯಾಕೆ ಅಂತ ಕೇಳಿದರೆ, "ನನ್ನ ಟರ್ನ್ ಮುಗಿದಮೇಲೆ ನೀನು ಹಾಕ್ಸ್ಕೊ" ಅಂದರು.