ಮಿಕ್ಕಿದ್ದು ಯಾರು?

ಚೀನೀ ಭಾಷೆಯಲ್ಲಿ ‘ಶೆಂಗ್ ನ್ಯು’ ಅಂತ ಒಂದು ಪದ ಇದೆ. ನ್ಯು ಅಂದ್ರೆ ಹೆಣ್ಣು, ಶೆಂಗ್ ಅಂದ್ರೆ ಮಿಕ್ಕಿದ್ದು. ರಾತ್ರಿ ಊಟ ಆದ ಮೇಲೆ ಪಾತ್ರೆ ತಳದಲ್ಲಿ ಉಳಿಯುತ್ತಲ್ಲ, ಆ ತಂಗಳನ್ನಕ್ಕೂ ಅವರು ಇದೇ ಶೆಂಗ್ ಸೇರಿಸಿ ಹೇಳೋದು. ಓದಿ, ಕೆಲಸ ಹಿಡಿದು, ಇಪ್ಪತ್ತೇಳು ದಾಟಿದರೂ ಮದುವೆಯಾಗದ ಹುಡುಗಿ ಶೆಂಗ್ ನ್ಯು. ಇದು ಬರೀ ಕಟ್ಟೆ ಮೇಲೆ ಕೂತವರ ಮಾತಲ್ಲ. 2007ರಲ್ಲಿ ಚೀನಾದ ಶಿಕ್ಷಣ ಸಚಿವಾಲಯ ಪ್ರಕಟಿಸಿದ ಹೊಸ ಪದಗಳ ಪಟ್ಟಿಯಲ್ಲೇ ಇದು ಸೇರಿತು. ಹೆಂಗಸರ ಪರ ನಿಲ್ಲಬೇಕಾದ ಅಖಿಲ ಚೀನಾ ಮಹಿಳಾ ಒಕ್ಕೂಟವೂ ಈ ಪದ ಹಿಡಿದು ಬುದ್ಧಿವಾದದ ಲೇಖನಗಳನ್ನು ಹಾಕಿತ್ತು.

ಈ ಪದ ನನಗೆ ಹೇಳಿಕೊಟ್ಟವಳು ನಮ್ಮ ಪ್ರಾಜೆಕ್ಟಿಗೆ ಶೆಂಜೆನ್‌ನಿಂದ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ. ಹೆನಾನ್ ಪ್ರಾಂತ್ಯದ ಸಣ್ಣ ಪಟ್ಟಣದವಳು, ಆಗ ಮೂವತ್ತೊಂದು ವರ್ಷ. ಕಾಲ್ ಮುಗಿದ ಮೇಲೆ ಐದು ನಿಮಿಷ ಊರಿನ ಸುದ್ದಿ ಆಡೋದು ನಮಗಿಬ್ಬರಿಗೂ ರೂಢಿ. ಜನವರಿ ಬಂತೆಂದರೆ ಅವಳ ದನಿ ಸಪ್ಪೆ. ಚೀನೀ ಹೊಸ ವರ್ಷಕ್ಕೆ ಊರಿಗೆ ಹೋಗಲೇಬೇಕು, ಹೋದರೆ ದೊಡ್ಡಮ್ಮ, ಅತ್ತೆಯರು ಸುತ್ತ ಕೂತು “ಹುಡುಗ ಸಿಕ್ಕನಾ?” ಅಂತ ಶುರು ಮಾಡ್ತಾರೆ. ಹೀಗೆ ಮದುವೆಗೆ ಬೆನ್ನು ಹತ್ತೋದಕ್ಕೇ ಅಲ್ಲಿ ‘ಚುಯ್ ಹುನ್’ ಅನ್ನೋ ಹೆಸರಿದೆ. ತಪ್ಪಿಸಿಕೊಳ್ಳಲು ಹಬ್ಬದ ನಾಲ್ಕು ದಿನ ಬಾಡಿಗೆ ಹುಡುಗನನ್ನು ಕರೆದುಕೊಂಡು ಹೋಗುವವರೂ ಇದ್ದಾರಂತೆ!

ಅತ್ತೆಯರಿಗೆ ಎದುರು ಮಾತಾಡಿ ಎದ್ದು ಹೋಗಬಹುದು. ಕಷ್ಟ ಇರೋದು ಅಪ್ಪನ ಮಾತಿನಲ್ಲಿ. “ನಾವು ಹೋದ ಮೇಲೆ ನಿನಗೆ ಯಾರಮ್ಮಾ ದಿಕ್ಕು?” ಒಂದೇ ಮಗು ನೀತಿಯ ಕಾಲದಲ್ಲಿ ಹುಟ್ಟಿದವಳಿಗೆ ಒಡಹುಟ್ಟಿದವರಿಲ್ಲ. ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿಯರು, ಅಷ್ಟೂ ಜನರ ಆಸೆ ಒಬ್ಬಳ ತಲೆ ಮೇಲೆ. ಬೈದಿದ್ದರೆ ಜಗಳ ಆಡ್ತಿದ್ದೆ, ಅವರು ಅಳ್ತಾರೆ, ಏನು ಮಾಡಲಿ ಅಂತಿದ್ದಳು.

ಶಾಂಘೈನ ಪೀಪಲ್ಸ್ ಪಾರ್ಕಿನಲ್ಲಿ ವಾರಾಂತ್ಯದಲ್ಲಿ ಹೀಗೆ ಚಿಂತೆ ಹತ್ತಿದ ಅಪ್ಪ ಅಮ್ಮಂದಿರ ಸಂತೆಯೇ ಸೇರುತ್ತದೆ. ಛತ್ರಿ ಬಿಚ್ಚಿಟ್ಟು ಅದರ ಮೇಲೆ ಚೀಟಿ ಅಂಟಿಸಿರುತ್ತಾರೆ: ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ ಇದೆಯೋ ಇಲ್ಲವೋ. ಎಷ್ಟೋ ಮಕ್ಕಳಿಗೆ ತಮ್ಮ ಚೀಟಿ ಅಲ್ಲಿರುವುದೇ ಗೊತ್ತಿರಲ್ಲ.

ಈಗ ಸ್ವಲ್ಪ ಲೆಕ್ಕ ನೋಡಿ. 2020ರ ಜನಗಣತಿ ಪ್ರಕಾರ ಚೀನಾದಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು ಮೂರೂವರೆ ಕೋಟಿ ಜಾಸ್ತಿ. ಗಂಡೇ ಬೇಕೆಂದು ಭ್ರೂಣದಲ್ಲೇ ಹೆಣ್ಣನ್ನು ತೆಗೆಸಿದ್ದರ ಫಲ. ಹಾಗಾದರೆ ಮಿಕ್ಕಿದ್ದು ಯಾರು? ಹಳ್ಳಿಗಳಲ್ಲಿ ಹೆಣ್ಣು ಸಿಗದೆ ಉಳಿದ ಬಡ ಗಂಡಸರನ್ನು ‘ಗುವಾಂಗ್ ಗುನ್’, ಅಂದ್ರೆ ಬೋಳು ಕೊಂಬೆ, ಅಂತಾರೆ. ಗಂಡ ಓದಿನಲ್ಲಿ, ಸಂಬಳದಲ್ಲಿ ಹೆಂಡತಿಗಿಂತ ಒಂದು ಕೈ ಮೇಲೇ ಇರಬೇಕು ಅನ್ನೋ ರೂಢಿ ಇರುವ ತನಕ ಹಳ್ಳಿಯ ಅವನಿಗೂ ಶೆಂಜೆನ್‌ನ ಇವಳಿಗೂ ಜೋಡಿ ಸಿಗೋದು ಕಷ್ಟವೇ. ಆ ರೂಢಿ ಬಿಡೋದಕ್ಕಿಂತ ಇವಳನ್ನು ತಂಗಳು ಅನ್ನೋದು ಸುಲಭ. 2013ರಲ್ಲಿ ಅಲ್ಲಿ 1.3 ಕೋಟಿಗೂ ಹೆಚ್ಚು ಮದುವೆ ನೋಂದಣಿಯಾಗಿದ್ದವು, 2024ರಲ್ಲಿ ಸುಮಾರು 61 ಲಕ್ಷ. ಹೆದರಿಸಿ ಮದುವೆ ಮಾಡಿಸುವ ಉಪಾಯವಂತೂ ಫಲಿಸಿಲ್ಲ.

ನನಗೂ ಮೂವತ್ತಮೂರು, ಮದುವೆಯಾಗಿಲ್ಲ. ಊರಲ್ಲಿ ಯಾರಾದರೂ ಕೇಳಿದರೆ “ಇನ್ನೊಂದೆರಡು ವರ್ಷ ಹೋಗ್ಲಿ, ಸೆಟ್ಲ್ ಆಗ್ಲಿ” ಅಂತ ಅಪ್ಪನೇ ಮುಗಿಸಿಬಿಡ್ತಾರೆ. ಹುಡುಗಿಯಾಗಿದ್ದರೆ ಆ ಎರಡು ವರ್ಷ ನಮ್ಮೂರಲ್ಲೂ ಸಿಗ್ತಿರಲಿಲ್ಲ.

ಅವಳು ಇನ್ನೊಂದು ವಿಷಯ ಹೇಳಿದ್ದಳು. ಚೀನೀಯಲ್ಲಿ ಅದೇ ಉಚ್ಚಾರದ ಬೇರೊಂದು ‘ಶೆಂಗ್’ ಇದೆ, ಅರ್ಥ ಗೆಲುವು. ಕೆಲವು ಹುಡುಗಿಯರು ಈಗ ಬೇಕೆಂದೇ ಆ ಅಕ್ಷರ ಹಾಕಿ ಬರೀತಾರಂತೆ: ಗೆದ್ದ ಹೆಣ್ಣು. “ನೀನು ಯಾವುದು ಹಾಕ್ತೀಯಾ?” ಅಂದೆ. “ಎರಡೂ ಬೇಡಪ್ಪ, ನನಗೆ ಹೆಸರಿದೆ” ಅಂದಳು.

ಈ ಸಲ ಹಬ್ಬಕ್ಕೆ ಟಿಕೆಟ್ ಆಯ್ತಾ ಅಂತ ಕೇಳಿದ್ದಕ್ಕೆ, “ಆಯ್ತು, ವಾಪಸ್ ಬರೋದು ಮೊದಲು ತಗೊಂಡೆ” ಅಂತ ನಕ್ಕಳು.