ಪ್ರಜೋತ್ಪತ್ತಿ

ಪ್ರಾಥಮಿಕ ಶಾಲೆಯ ಮಾಸ್ತರನೆಂಬ ಪ್ರಾಣಿಯು ಮಕ್ಕಳಿಗೆ ಮಗ್ಗಿ ಹೇಳಿಕೊಡುವುದಕ್ಕಾಗಿ ಮಾತ್ರವೇ ಸೃಷ್ಟಿಯಾದುದಲ್ಲ, ಸರಕಾರಕ್ಕೆ ಯಾವ ಕಾಲದಲ್ಲಿ ಯಾವ ವಸ್ತುವಿನ ಲೆಕ್ಕ ಬೇಕೆನಿಸುವುದೋ ಅದನ್ನು, ಅದು ವೋಟಾಗಲಿ ಎಮ್ಮೆಯಾಗಲಿ ಮನುಷ್ಯನಾಗಲಿ, ಎಣಿಸಿ ಒಪ್ಪಿಸತಕ್ಕದ್ದೂ ಅದರ ಸ್ವಧರ್ಮವೇ ಎಂಬುದು ನನಗೆ ಮನದಟ್ಟಾದದ್ದು 1991ರ ಫೆಬ್ರವರಿಯಲ್ಲಿ. ಆಗ ನಾನು ಉತ್ತರ ಕನ್ನಡದ ಮುಂಡಗೋಡಿನ ಸಮೀಪದ ಶಾಲೆಯೊಂದರಲ್ಲಿದ್ದೆನು. ಜನಗಣತಿಯ ಹಾಳೆಗಳನ್ನು ತುಂಬಿದ ಚೀಲವೊಂದು ನನ್ನ ಹೆಗಲೇರಿತು; ಹೊಟ್ಟೆನೋವೆಂದು ರಜೆ ಹಾಕಿದ ಸಹೋದ್ಯೋಗಿಯೊಬ್ಬನ ಚೀಲವೂ ಅದರ ಬೆನ್ನಿಗೇ ಏರಿತು. ಆ ಪುಣ್ಯಾತ್ಮನ ಹೊಟ್ಟೆನೋವು ಮಾರ್ಚ್ ಒಂದರ ಸೂರ್ಯೋದಯಕ್ಕೆ, ಗಣತಿಯ ಲೆಕ್ಕ ನಿಲ್ಲುವ ಸರಿಯಾದ ಮುಹೂರ್ತಕ್ಕೆ, ತಾನಾಗಿ ಶಮನವಾಯಿತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಮುಂಡಗೋಡು ದೊಡ್ಡ ಊರಲ್ಲ. ಮೂಡಲಿಗೆ ಹಾನಗಲ್ಲು ಹುಬ್ಬಳ್ಳಿಗಳ ಬಯಲು, ಪಡುವಲಿಗೆ ಯಲ್ಲಾಪುರದ ಅಡವಿ, ಇವೆರಡೂ ಒಂದನ್ನೊಂದು ತಳ್ಳಿಕೊಂಡು ನಿಲ್ಲುವ ಗಡಿಯಲ್ಲಿ, 1862ರಲ್ಲಿ ಮದರಾಸಿನಿಂದ ಮುಂಬಯಿಗೂ 1956ರಲ್ಲಿ ಮುಂಬಯಿಯಿಂದ ಮೈಸೂರಿಗೂ ಕೈಬದಲಾದ ಜಿಲ್ಲೆಯ ಒಂದು ಮೂಲೆಯಲ್ಲಿ, ತನ್ನ ಪಾಡಿಗೆ ತಾನಿರುವ ತಾಲ್ಲೂಕು ಸ್ಥಳ. ಆದರೆ ಅದರ ಸಂತೆಯಲ್ಲಿ ಒಂದು ಗಳಿಗೆ ನಿಂತವನಿಗೆ, ಅಡಿಕೆತೋಟದ ಹವ್ಯಕ ಭಟ್ಟರ ಪಕ್ಕದಲ್ಲಿ ಕನ್ನಡಿ ಹೊಲಿದ ರವಿಕೆಯ ಲಂಬಾಣಿ ಹೆಂಗಸು, ಆಕೆಯ ಹಿಂದೆ ಎಮ್ಮೆಯ ಬೆಣ್ಣೆ ತಂದ ಮರಾಠಿ ಮಾತಿನ ಗೌಳಿ, ಅವನೊಡನೆ ಚೌಕಾಸಿಗಿಳಿದ ಕಡುಗೆಂಪು ಬಟ್ಟೆಯ ಲಾಮಾ, ಇವರೆಲ್ಲರ ನಡುವೆ ಸೌದೆಯ ಹೊರೆಯನ್ನು ತಲೆಯಿಂದಿಳಿಸಿ ಬೆವರೊರೆಸಿಕೊಳ್ಳುವ ಗುಂಗುರು ಕೂದಲಿನ ಸಿದ್ದಿ, ಹೀಗೆ ಭೂಮಂಡಲದ ಅರ್ಧವು ಒಂದು ಸೇರು ಮೆಣಸಿನಕಾಯಿಯ ಸುತ್ತ ಕೂಡಿರುವಂತೆ ತೋರುತ್ತಿತ್ತು.

ಎಣಿಸುವ ವಿದ್ಯೆ ನನ್ನಿಂದ ಮೊದಲಾದುದಲ್ಲವೆಂಬುದೇ ನನಗಿದ್ದ ಸಮಾಧಾನ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಪನೆಂಬ ಅಧಿಕಾರಿಯೊಬ್ಬನಿದ್ದಾನೆ. ಐದೋ ಹತ್ತೋ ಗ್ರಾಮಗಳ ಮನೆಗಳನ್ನೂ ಅಲ್ಲಿಯ ಒಕ್ಕಲಿಗರು, ದನಕಾಯುವವರು, ವರ್ತಕರು ಎಷ್ಟೆಂಬುದನ್ನೂ ಬರೆದಿಡತಕ್ಕದ್ದು ಅವನ ಹೊಣೆ. ಅವನನ್ನು ನಾನು ನನ್ನ ಕುಲಪುರುಷನೆಂದೇ ಭಾವಿಸಿಕೊಂಡೆನು. ಇಂಗ್ಲಿಷರು ಬಂದ ಮೇಲೆ ವಿದ್ಯೆ ಬೆಳೆಯಿತು, ವಿವೇಕ ಅಷ್ಟಾಗಿ ಬೆಳೆಯಲಿಲ್ಲ. 1881ರಿಂದ ಹತ್ತು ವರ್ಷಕ್ಕೊಮ್ಮೆ ದೇಶವನ್ನೆಲ್ಲ ಒಂದೇ ಕಾಲಕ್ಕೆ ಎಣಿಸುವ ಪದ್ಧತಿ ಬಂದಿತು. 1901ರ ಗಣತಿಗೆ ಅಧಿಪತಿಯಾಗಿದ್ದ ರಿಸ್ಲೆ ಸಾಹೇಬರು ಜನರ ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಜಾತಿಯ ಮೇಲುಕೀಳು ತಿಳಿಯುವುದೆಂದು ನಂಬಿದ್ದರು. ಆಮೇಲೆ 1931ರಲ್ಲಿ ಬಿ. ಎಸ್. ಗುಹ ಎಂಬ ವಿದ್ವಾಂಸರು ಮತ್ತೆ ಅಳೆದು, ನಮ್ಮನ್ನೆಲ್ಲ ಆರು ಮುಖ್ಯ ಜನಾಂಗಗಳಿಗೆ ಹಂಚಿಕೊಟ್ಟರು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ನಮ್ಮಲ್ಲುಂಟು. ಮೂಗಿಗಿಂತ ಅಳತೆಗೋಲು ಭಾರವಾದದ್ದು ಆ ಶಾಸ್ತ್ರದಲ್ಲಿಯೇ ಸರಿ. ನನ್ನ ಸೋದರಮಾವನ ಮೂಗನ್ನು ರಿಸ್ಲೆ ಸಾಹೇಬರು ಅಳೆದಿದ್ದರೆ ನಮ್ಮ ಮನೆತನದ ಗತಿ ಏನಾಗುತ್ತಿತ್ತೋ ಹೇಳಲಾರೆ. ಸ್ವಾತಂತ್ರ್ಯ ಬಂದ ಮೇಲೆ ಗಣತಿಯಲ್ಲಿ ಮೂಗನ್ನು ಅಳೆಯುವವರಿರಲಿಲ್ಲ. ನನ್ನ ಚೀಲದಲ್ಲಿ ಪೆನ್ನು ಮಾತ್ರವೇ ಇದ್ದಿತು.

ಟಿಬೆಟಿನವರ ಕ್ಯಾಂಪಿಗೆ ನಾನು ಹೋದಾಗ ಅವರ ಹೊಸ ವರ್ಷ ಲೋಸರ್ ಆಗಷ್ಟೇ ಕಳೆದಿತ್ತು. ದಲೈ ಲಾಮಾ ಅವರು 1959ರಲ್ಲಿ ದೇಶ ಬಿಟ್ಟುಬಂದ ಮೇಲೆ ಅವರ ಹಿಂದೆ ಬಂದ ಜನ, ಹಿಮಾಲಯದ ತಪ್ಪಲಿನಲ್ಲಿ ರಸ್ತೆಗೆ ಕಲ್ಲು ಒಡೆದು, ಕೊನೆಗೆ 1966ರಲ್ಲಿ ಈ ಕಾಡಿನಂಚಿಗೆ ಬಂದು, ಗಿಡಗಂಟಿ ಕಡಿದು ಗೋವಿನಜೋಳ ಬಿತ್ತಿದರು. ಲ್ಹಾಸಾದ ಸಮೀಪ 1409ರಲ್ಲಿ ಹುಟ್ಟಿದ ಗಾಂದೆನ್ ಮಠವೂ 1416ರಲ್ಲಿ ಹುಟ್ಟಿದ ದ್ರೆಪುಂಗ್ ಮಠವೂ ಅವರ ಬೆನ್ನಿಗೆ ಬಂದು ಇಲ್ಲಿಯೇ ಮರುಹುಟ್ಟು ಪಡೆದವು. ಇಷ್ಟೂ ಇತಿಹಾಸವು ನನ್ನ ಹಾಳೆಯಲ್ಲಿ ‘ಹುಟ್ಟಿದ ಸ್ಥಳ’ ಎಂಬ ಬೆರಳಗಲದ ಮನೆಯೊಳಗೆ ಹಿಡಿಯಬೇಕಾಗಿತ್ತು.

ಮೊದಲ ಮನೆಯ ಅಜ್ಜಿ ಜಪದ ಚಕ್ರವನ್ನು ತಿರುಗಿಸುತ್ತ ಕುಳಿತಿದ್ದಳು. ನನ್ನನ್ನು ಕಂಡೊಡನೆ, “ಬಾ ಮಾಸ್ತರ್, ಚಾ ಕುಡಿ” ಎಂದು ಬೆಣ್ಣೆ ಉಪ್ಪು ಹಾಕಿದ ಚಹ ತಂದಿಟ್ಟಳು. ಅದನ್ನು ಚಹವೆಂದುಕೊಂಡು ಕುಡಿದರೆ ದುಃಖ, ಸಾರೆಂದುಕೊಂಡು ಕುಡಿದರೆ ಸುಖ. ವಯಸ್ಸೆಷ್ಟೆಂದು ಕೇಳಿದೆ. ಆಕೆ ಏನೋ ಅಂದಳು, ಹಾಯಸ್ಕೂಲಿಗೆ ಹೋಗುವ ಮೊಮ್ಮಗ ಅದನ್ನು ಕನ್ನಡಕ್ಕಿಳಿಸಿದ: “ಕಬ್ಬಿಣದ ಕುರಿ ಅಂತಾರ್ರೀ.”

ಬರೆಯುವ ಕೈ ಅಲ್ಲಿಗೆ ನಿಂತಿತು. ಐದು ಧಾತುಗಳನ್ನು ಹನ್ನೆರಡು ಪ್ರಾಣಿಗಳಿಗೆ ಹೆಣೆದು ಅವರು ಅರವತ್ತು ವರ್ಷಗಳ ಚಕ್ರವೊಂದನ್ನು ಮಾಡಿಕೊಂಡಿದ್ದಾರೆ. ಈಗ ಆರಂಭವಾಗಿರುವುದೂ ಕಬ್ಬಿಣದ ಕುರಿಯೇ, ಆದ್ದರಿಂದ ಅಜ್ಜಿ ಹುಟ್ಟಿದ್ದು 1931, ಎಂದು ಹುಡುಗ ಬೆರಳು ಮಡಿಚಿ ತೋರಿಸಿದ. ಕಾಲಚಕ್ರ ತಂತ್ರದೊಡನೆ ನಮ್ಮ ನಾಡಿನಿಂದಲೇ ಅಲ್ಲಿಗೆ ಹೋದ ಎಣಿಕೆ ಇದು. ಅದರ ಮೊದಲನೆಯ ವರ್ಷಕ್ಕೆ ಅವರು ಹೇಳುವ ರಬ್‌ಜುಂಗ್ ಎಂಬ ಹೆಸರು ನಮ್ಮ ‘ಪ್ರಭವ’ದ ಅನುವಾದವೇ ಆಗಿದ್ದು, 1027ರಲ್ಲಿ ಅವರ ಮೊದಲ ಚಕ್ರ ಉರುಳತೊಡಗಿತು. ನಾನೂ ಬೆರಳು ಮಡಿಚಿದೆನು: ಪ್ರಭವ, ವಿಭವ, ಶುಕ್ಲ, ಪ್ರಮೋದೂತ, ಪ್ರಜೋತ್ಪತ್ತಿ. ಅವರ ಐದನೆಯ ಕಬ್ಬಿಣದ ಕುರಿಯೂ ನಮ್ಮ ಐದನೆಯ ಪ್ರಜೋತ್ಪತ್ತಿಯೂ ಒಂದೇ! ನನ್ನ ತಾಯಿ ಹುಟ್ಟಿದ ಸಂವತ್ಸರವೂ ಅದೇ. ಅಜ್ಜಿಗೆ ಲೋಸರಿನೊಂದಿಗೆ ಚಕ್ರ ಒಂದು ಸುತ್ತು ತಿರುಗಿತ್ತು. ನನ್ನ ತಾಯಿಗೆ ಬರುವ ಯುಗಾದಿಗೆ ತಿರುಗುವುದಿತ್ತು. ಪ್ರಜೆಗಳ ಉತ್ಪತ್ತಿಯೆಂಬ ಹೆಸರಿನ ವರ್ಷದ ಹೊಸ್ತಿಲಲ್ಲಿಯೇ ಪ್ರಜೆಗಳನ್ನು ಎಣಿಸಹೊರಟ ಸರಕಾರಕ್ಕೆ ಪಂಚಾಂಗದ ಪರಿಚಯವಿತ್ತೋ ಇಲ್ಲವೋ, ನನಗಂತೂ ಆ ಮನೆಯಲ್ಲಿ ಎರಡನೆಯ ಬಟ್ಟಲನ್ನು ಸಾರೆಂದುಕೊಳ್ಳದೆಯೂ ಕುಡಿಯಲು ಸಾಧ್ಯವಾಯಿತು.

ಹುಟ್ಟಿದ ಸ್ಥಳ ‘ಟಿಬೆಟ್’ ಎಂದು ಬರೆದೆ. ಇದು ದೇಶವೋ ಪ್ರದೇಶವೋ ಎಂದು ಮೇಲ್ವಿಚಾರಕರು ಆಮೇಲೆ ಕೇಳಿದರು, ಅಜ್ಜಿಯನ್ನೇ ಕೇಳಬೇಕೆಂದೆ. ಮೊಮ್ಮಗನಿಗೆ ‘ಇದೇ ಸ್ಥಳ’ ಎಂದು ಬರೆದೆ. 1987ರ ಜುಲೈಗೆ ಮುಂಚೆ ಈ ನೆಲದಲ್ಲಿ ಹುಟ್ಟಿದವನು ಕಾನೂನಿನ ಪ್ರಕಾರ ಭಾರತೀಯನೇ. ಆದರೂ ಅವನ ಅಪ್ಪನ ಪೆಟ್ಟಿಗೆಯಲ್ಲಿದ್ದುದು ವಿದೇಶೀಯರ ನೋಂದಣಿ ಪುಸ್ತಕ.

ಮಠಗಳಲ್ಲಿ ನನ್ನಿಂದ ಒಂದು ಅಪಚಾರ ಸಂಭವಿಸಿತು. ಸಾಲುಸಾಲಾಗಿ ‘ಅವಿವಾಹಿತ’, ‘ಅವಿವಾಹಿತ’ ಎಂದು ಬರೆದು ಬರೆದು ಕೈ ಸೋತು, ಬುದ್ಧಿಯೂ ಮಂಕಾಗಿ, ‘ಭಿಕ್ಷು’ ಎನ್ನುವಲ್ಲಿ ‘ಭಿಕ್ಷುಕ’ ಎಂದು ಬರೆದುಬಿಟ್ಟೆನು. ದುಡಿಯದವರ ವಿಭಾಗಗಳಲ್ಲಿ ಭಿಕ್ಷುಕರಿಗೂ ಒಂದು ಪ್ರತ್ಯೇಕ ಸ್ಥಾನವಿದ್ದುದರಿಂದ ತಪ್ಪು ಅಲ್ಲಿ ಆರಾಮವಾಗಿ ಕುಳಿತುಕೊಂಡಿತು. ಕನ್ನಡ ಬಲ್ಲ ತರುಣ ಲಾಮಾ ಒಬ್ಬರು ಹಾಳೆಯನ್ನು ಇಣುಕಿ ನೋಡಿ, ಮೂಲಾರ್ಥದಲ್ಲಿ ಅದೂ ಸರಿಯೇ ಎಂದು ನಕ್ಕರು. ಆ ಒಂದು ‘ಕ’ಕಾರವನ್ನು ಹೊಡೆದುಹಾಕುವುದಕ್ಕೆ ನನಗೆ ಒಂದು ಸಂಜೆ ಹಿಡಿಯಿತು.

ಅಡವಿಯಂಚಿನ ಸಿದ್ದಿಗಳ ಕೇರಿಯಲ್ಲಿ ಕಷ್ಟ ಬೇರೆ ವಿಧದ್ದು. ಪೋರ್ತುಗೀಜರು ಆಫ್ರಿಕದಿಂದ ಗೋವೆಗೆ ತಂದು ಮಾರಿದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇವರು. ಇದೇ ಆಫ್ರಿಕದಿಂದ ಬಂದವರಲ್ಲಿ ಮಲಿಕ್ ಅಂಬರನು ಅಹಮದನಗರದ ರಾಜ್ಯವನ್ನೇ ನಡೆಸಿದನು, ಮಲಿಕ್ ರಿಹಾನನ ಗೋರಿ ನಮ್ಮ ಶಿರಾದಲ್ಲಿದೆ. ಕಾಡು ಹೊಕ್ಕವರಿಗೆ ಮಾತ್ರ ಇತಿಹಾಸದಲ್ಲಿ ಗೋರಿಯೂ ಇಲ್ಲ. ಮನೆಮಾತು ಯಾವುದೆಂದರೆ ಕೊಂಕಣಿ. ಧರ್ಮ ಯಾವುದೆಂದರೆ ಒಂದೂರಲ್ಲಿ ಹಿಂದೂ, ಇನ್ನೊಂದರಲ್ಲಿ ಮುಸಲ್ಮಾನ, ಮತ್ತೊಂದರಲ್ಲಿ ಕ್ರೈಸ್ತ. ಪರಿಶಿಷ್ಟ ಪಂಗಡವೇ ಎಂಬ ಪ್ರಶ್ನೆಗೆ ಕೈಪಿಡಿಯ ಪಟ್ಟಿಯನ್ನು ಮೂರು ಸಲ ತಿರುವಿದೆ. ಅದರಲ್ಲಿ ಸಿದ್ದಿಯೆಂಬ ಹೆಸರಿರಲಿಲ್ಲ. ಅದು ಸೇರಿದ್ದು 2003ರಲ್ಲಿ, ಇನ್ನೂ ಒಂದು ಗಣತಿ ಕಳೆದ ಮೇಲೆ.

ಜಗಲಿಯಲ್ಲಿ ಕೌದಿ ಹೊಲಿಯುತ್ತಿದ್ದ ಹೆಂಗಸು ಸೂಜಿಯಿಂದ ಕಣ್ಣೆತ್ತದೆ ಕೇಳಿದಳು: “ನಮ್ಮ ಹುಡುಗಗ ಯಾವೂರು ಅಂತ ಬರಕೊಂಡ್ರಿ ಮಾಸ್ತರ್ರ?”

“ಮುಂಡಗೋಡ ತಾಲ್ಲೂಕು ಅಂತ, ಅಕ್ಕಾ.”

“ಹಾಂ, ಅದನ್ನ ದಪ್ಪಗೆ ಬರೀರಿ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ್ಯಾಗ ಅವಂಗ ಯಾವ ದೇಶ, ಯಾವ ದೇಶ ಅಂತ ಕೇಳಿ ಜೀವಾ ತಿಂತಾರ.”

ಆಕೆ ಹೊಲಿಯುತ್ತಿದ್ದ ರೀತಿ ನಾನೆಲ್ಲಿಯೂ ಕಾಣದ್ದು. ಹಳೆಯ ಸೀರೆಯ ಮೇಲೆ ತುಂಡುಗಳನ್ನಿಟ್ಟು, ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಿದ್ದಳು. ನಾಲ್ಕು ಮೂಲೆಗಳಿಗೂ ಬಟ್ಟೆ ಮಡಿಚಿ ‘ಫೂಲ್’ ಇಡಬೇಕು, ಇಲ್ಲವಾದರೆ ಕೌದಿ ಬೆತ್ತಲೆ ಎಂದಳು. ನಡುವಿನ ಕೊನೆಯ ತುಂಡನ್ನು ಮುಚ್ಚುವ ಮೊದಲು ನಾಲ್ಕು ಅಕ್ಕಿಕಾಳುಗಳನ್ನು ಒಳಗೆ ಹಾಕಿದಳು. ಕೌದಿಯ ಹೊಟ್ಟೆಯೂ ತುಂಬಬೇಕಲ್ಲವೇ? ಆ ತುಂಡುಗಳಲ್ಲಿ ಲಂಬಾಣಿ ಲಂಗದ ನೀಲಿಯೂ ಲಾಮಾಗಳ ಕಡುಗೆಂಪೂ ಇದ್ದವು. ಇಲ್ಲೊಂದು ಉಪಮೆ ತಾನಾಗಿಯೇ ಕೈಚಾಚುತ್ತದೆ. ಪ್ರಬಂಧಕಾರರೆಲ್ಲ ಹಿಡಿದು ಹಿಡಿದು ಸವೆಸಿದ ಕೈ ಅದು, ನಾನು ಬಿಟ್ಟುಬಿಡುತ್ತೇನೆ.

ಎಣಿಕೆ ಮುಗಿದ ಮೇಲೆ ದುಡ್ಡು ಕೊಟ್ಟು ಆ ಕೌದಿಯನ್ನು ಮನೆಗೆ ತಂದೆನು. ಯಾರು ಯಾರು ಉಟ್ಟ ಬಟ್ಟೆಯೋ, ಮೈಲಿಗೆ, ಎಂದು ತಾಯಿ ಅದನ್ನು ಎರಡು ತಿಂಗಳು ಹಗ್ಗದ ಮೇಲಿಂದ ಇಳಿಸಗೊಡಲಿಲ್ಲ. ಮಳೆಗಾಲ ಹಿಡಿದು, ಒಂದು ರಾತ್ರಿ ಚಳಿ ತಾಳಲಾರದೆ ತಾನೇ ಎಳೆದು ಹೊದ್ದುಕೊಂಡಳು. ಆಮೇಲೆ ಅದು ಇನ್ನೊಬ್ಬರ ಕೈಗೆ ಸಿಕ್ಕಿದ್ದಿಲ್ಲ. ದೀಪಾವಳಿಯ ಹೊತ್ತಿಗೆ ಅಕ್ಕಿಯ ವಾಸನೆ ಹಿಡಿದ ಇಲಿಯೊಂದು ಸರಿಯಾಗಿ ನಡುವಿಗೇ ತೂತು ಕೊರೆಯಿತು. ತಾಯಿ ಇಲಿಯನ್ನೂ ನನ್ನನ್ನೂ ಒಟ್ಟಿಗೆ ಬೈದು, ಕನ್ನಡಕ ಏರಿಸಿ, ತನ್ನ ಹಳೆಯ ಇಳಕಲ್ಲ ಸೀರೆಯ ತುಂಡೊಂದನ್ನು ಕತ್ತರಿಸಿ ತೇಪೆ ಹಾಕಲು ಕುಳಿತಳು. ಕೊನೆಯ ಹೊಲಿಗೆಗೆ ಮುನ್ನ, ಯಾರೂ ನೋಡುತ್ತಿಲ್ಲವೆಂದುಕೊಂಡು, ಒಳಗೆ ನಾಲ್ಕು ಅಕ್ಕಿಕಾಳು ಹಾಕಿದಳು. ವಾರದೊಳಗೆ ಇಲಿ ಮತ್ತೆ ಬಂದಿತು.